ಜಪಾನಿನ ಅನಿಮೆ ಧ್ವನಿ ನಟರು: ಜೂನಿಯರ್ ಅವಧಿ ಮುಗಿದ ಮೇಲೆ ಏನಾಗುತ್ತೆ?

ಹರಿಹರದ_ಕೇಳುಗ

ಸೇಯೂ, ಅಂದರೆ ಜಪಾನಿನ ಧ್ವನಿ ನಟರ ಬಗ್ಗೆ ಹುಡುಕಿದರೆ ಯಾರು ಯಾವ ಪಾತ್ರಕ್ಕೆ ದನಿ ಕೊಟ್ಟರು ಅನ್ನೋ ಪಟ್ಟಿ ಬೇಕಾದಷ್ಟು ಸಿಗುತ್ತೆ. ನನಗೆ ಬೇಕಿರೋದು ಕೆಲಸದ ಒಳಗಿನ ಲೆಕ್ಕ. ಒಂದು ಕಂತಿಗೆ ಸಂಭಾವನೆ ಹೇಗೆ ನಿಗದಿಯಾಗುತ್ತೆ? ಮುಖ್ಯ ಪಾತ್ರ ಮಾಡಿದವರೂ ನಾಲ್ಕೈದು ವರ್ಷದಲ್ಲಿ ಕಾಣೆಯಾಗೋದು ಯಾಕೆ? ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು ರೆಕಾರ್ಡ್ ಮಾಡ್ತಾರಂತೆ. ನಮ್ಮ ಡಬ್ಬಿಂಗ್‌ನಲ್ಲಿ ಒಬ್ಬೊಬ್ಬರೇ ಹೋಗಿ ತಮ್ಮ ಮಾತು ಮುಗಿಸಿ ಬರೋದೇ ಹೆಚ್ಚು, ಹಾಗಾಗಿ ಅಲ್ಲಿನ ಕ್ರಮ ತಿಳಿಯೋ ಆಸೆ. ಇನ್ನೊಂದು: ಜಪಾನೀಸ್ ಎನ್‌1 (ಜಪಾನೀಸ್ ಭಾಷಾ ಪರೀಕ್ಷೆಯ ಎಲ್ಲಕ್ಕಿಂತ ಮೇಲಿನ ಹಂತ) ಪಾಸಾದ ಕನ್ನಡಿಗರಿಗೆ ಈ ದಾರಿ ಇದೆಯಾ?

ಲೆಕ್ಕದ_ಪುಸ್ತಕ

ಹಣದಿಂದಲೇ ಶುರು ಮಾಡ್ತೀನಿ, ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಅದರೊಳಗೇ ಇದೆ.

ಜಪಾನ್ ನಟರ ಒಕ್ಕೂಟ (ಅಲ್ಲಿನವರ ಬಾಯಲ್ಲಿ ನಿಪ್ಪೈರೆನ್) ಮತ್ತು ನಿರ್ಮಾಣದ ಕಡೆಯವರು ಒಪ್ಪಿಕೊಂಡ ರ್‍ಯಾಂಕ್ ಪದ್ಧತಿ ಒಂದಿದೆ. 30 ನಿಮಿಷದ ಕಂತಿಗೆ ಎಲ್ಲಕ್ಕಿಂತ ಕೆಳಗಿನ ಜೂನಿಯರ್ ದರ 15,000 ಯೆನ್. ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋದರೆ ಮೂಲ ದರ 45,000 ಯೆನ್‌ವರೆಗೆ. ಅದನ್ನೂ ದಾಟಿದವರು ‘ನೋ ರ್‍ಯಾಂಕ್’, ಅವರದು ಮಾತುಕತೆಯಲ್ಲಿ ಕುದುರಿದ ದರ. ಎಷ್ಟು ಮಾತು ಅನ್ನೋದು ಈ ಲೆಕ್ಕಕ್ಕೆ ಬರೋದೇ ಇಲ್ಲ. ಕಂತಿನ ಉದ್ದಕ್ಕೂ ಮಾತಾಡೋ ನಾಯಕಿ ಜೂನಿಯರ್ ಆಗಿದ್ದರೆ ಆಕೆಗೆ 15,000. ಅದೇ ಕಂತಿನಲ್ಲಿ ‘ಹೌದು’ ಅಂತ ಒಂದೇ ಸಲ ಹೇಳಿ ಹೋದ ಹಿರಿಯರಿಗೆ ಅದರ ಮೂರು ಪಟ್ಟು.

ಕೈಗೆ ಬರೋದು ಇನ್ನೂ ಕಡಿಮೆ. ನಟರಿಗೆ ಕೆಲಸ ಹುಡುಕಿಕೊಡೋ ಏಜೆನ್ಸಿ ನೂರಕ್ಕೆ 20ರಿಂದ 30 ಹಿಡಿದುಕೊಳ್ಳುತ್ತೆ. 25 ಅಂತ ಇಟ್ಟುಕೊಂಡರೆ 11,250 ಉಳಿಯುತ್ತೆ. ಅದರಲ್ಲಿ ಮೂಲದಲ್ಲೇ ಕಡಿಯೋ 10.21% ಆದಾಯ ತೆರಿಗೆ ಹೋದರೆ ಸುಮಾರು 10,100. 12 ಕಂತಿನ ಸರಣಿಗೆ, ಮೂರು ತಿಂಗಳಿಗೆ, 1,21,000 ಯೆನ್ ಚಿಲ್ಲರೆ. ಟೋಕಿಯೋದಲ್ಲಿ ಇದರಲ್ಲಿ ಬದುಕೋಕಾಗಲ್ಲ. ಅದಕ್ಕೇ ಹೊಸಬರು ಪಾಳಿ ಬದಲಾಯಿಸಿಕೊಳ್ಳಬಹುದಾದ ಅರೆಕಾಲಿಕ ಕೆಲಸ ಹುಡುಕ್ತಾರೆ. ಆಡಿಷನ್ ಕರೆ ಹಿಂದಿನ ದಿನವೂ ಬರಬಹುದು.

ಈಗ ನಿಮ್ಮ ಎರಡನೇ ಪ್ರಶ್ನೆ. ಜೂನಿಯರ್ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಅದು ಮುಗಿದು ರ್‍ಯಾಂಕ್ ಸಿಕ್ಕರೆ ಮೂಲ ದರವೂ ಏರುತ್ತೆ, ಅದರ ಮೇಲೆ ಬಳಕೆಯ ಶುಲ್ಕವೂ (ರೆಕಾರ್ಡ್ ಮಾಡಿದ ದನಿಯನ್ನ ಪ್ರಸಾರಕ್ಕೆ, ವಿಡಿಯೋಗೆ ಬಳಸೋದಕ್ಕೆ ಕೊಡೋ ಹಣ) ಸೇರುತ್ತೆ. ನಟರಿಗೆ ಅದು ನ್ಯಾಯವಾದ ಏರಿಕೆ. ಆದರೆ ಕಂತಿನ ಧ್ವನಿ ಬಜೆಟ್ ಅಷ್ಟೇ ಇರುತ್ತೆ. ‘ಸಹಪಾಠಿ 2’, ‘ಕಾವಲುಗಾರ’ ತರಹದ ಪಾತ್ರಗಳಿಗೆ ನಿರ್ಮಾಪಕರು ಮತ್ತೆ ಜೂನಿಯರ್‌ಗಳನ್ನೇ ಕೇಳ್ತಾರೆ, ಮುಖ್ಯ ಪಾತ್ರಕ್ಕೆ ಹೆಸರಾದವರನ್ನೋ ಹೊಚ್ಚ ಹೊಸಬರನ್ನೋ ಹುಡುಕ್ತಾರೆ. ನಡುವೆ ಇರೋವ್ರಿಗೆ ಆಡಿಷನ್ ಕರೆಯೇ ತೆಳುವಾಗುತ್ತೆ. ಈ ವೃತ್ತಿಯಲ್ಲಿ ಕಷ್ಟದ ಜಾಗ ಹೆಬ್ಬಾಗಿಲಲ್ಲ, ಈ ನಡುಮನೆ. ಒಂದು ದೊಡ್ಡ ಪಾತ್ರ ಸಿಕ್ಕಾಕ್ಷಣ ನೆಲೆ ನಿಂತರು ಅಂದುಕೊಳ್ಳೋ ಅಭಿಮಾನಿಗಳು ಇದನ್ನ ಗಮನಿಸೋದೇ ಇಲ್ಲ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಇಷ್ಟಾದರೂ ದರ ಬಂದಿದ್ದು ಹೋರಾಟದಿಂದ. 1973ರಲ್ಲಿ ಧ್ವನಿ ನಟರು ಮುಷ್ಕರ ಹೂಡಿದ ಮೇಲೆ ಸಂಭಾವನೆ ಸುಮಾರು ಮೂರು ಪಟ್ಟಾಯಿತು. ಇತ್ತೀಚಿನ ಪೆಟ್ಟು 2023ರ ಅಕ್ಟೋಬರ್‌ನಲ್ಲಿ ಬಂದ ಇನ್‌ವಾಯ್ಸ್ ಪದ್ಧತಿ, ಅಂದರೆ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಂಡವರ ಬಿಲ್ಲಿಗಷ್ಟೇ ಪೂರ್ತಿ ತೆರಿಗೆ ಕಡಿತ ಸಿಗೋ ನಿಯಮ. ವರ್ಷಕ್ಕೆ 1 ಕೋಟಿ ಯೆನ್ ಒಳಗಿನ ವಹಿವಾಟಿನವರಿಗೆ ಬಳಕೆ ತೆರಿಗೆಯಿಂದ (ನಮ್ಮ ಜಿಎಸ್‌ಟಿ ತರಹದ್ದು) ವಿನಾಯಿತಿ ಇತ್ತು. ಈಗ ನೋಂದಾಯಿಸಿಕೊಂಡರೆ ಆ ವಿನಾಯಿತಿ ಹೋಗುತ್ತೆ, ನೋಂದಾಯಿಸಿಕೊಳ್ಳದಿದ್ದರೆ ಕೆಲಸ ಕೊಡೋರಿಗೆ ತೆರಿಗೆ ಹೊರೆ ಬೀಳುತ್ತೆ. ಇದರ ವಿರುದ್ಧ ಧ್ವನಿ ನಟರೇ ವಾಯ್ಸ್‌ಷನ್ ಅನ್ನೋ ಗುಂಪು ಕಟ್ಟಿಕೊಂಡರು.

ಕೆಂಪುದೀಪ

ಸ್ಟುಡಿಯೋ ಕ್ರಮ ನಾನು ಬರೀತೀನಿ.

ಟಿವಿ ಅನಿಮೆಗೆ ರೂಢಿಯ ಸಮಯ ಎರಡು: ಬೆಳಗ್ಗೆ 10ಕ್ಕೆ ಇಲ್ಲವೇ ಸಂಜೆ 4ಕ್ಕೆ ಶುರು. ಶೀರ್ಷಿಕೆ ಗೀತೆಗಳನ್ನ ಬಿಟ್ಟರೆ ಕಥೆಯ ಭಾಗ 21–22 ನಿಮಿಷ, ಅದಕ್ಕೆ ಮೂರು ನಾಲ್ಕು ಗಂಟೆ. ಸ್ಕ್ರಿಪ್ಟ್ ಮತ್ತು ರಿಹರ್ಸಲ್ ವಿಡಿಯೋ ಕೆಲವು ದಿನ ಮೊದಲೇ ಕೈಸೇರುತ್ತೆ. ಮನೆಯಲ್ಲಿ ವಿಡಿಯೋ ಓಡಿಸಿ, ಪ್ರತಿ ಮಾತಿನ ಪಕ್ಕ ಸಮಯದ ಅಂಕಿ, ಉಸಿರು ತಗೊಳ್ಳೋ ಜಾಗ, ತನ್ನ ಮಾತಿಗೆ ಮುಂಚೆ ಯಾರು ಮಾತಾಡ್ತಾರೆ ಅನ್ನೋದನ್ನ ಗುರುತು ಮಾಡ್ಕೋಬೇಕು. ಅದನ್ನ ಮಾಡದೆ ಬಂದೋರು ಮೊದಲ ಟೆಸ್ಟ್‌ನಲ್ಲೇ, ಅಂದರೆ ಟೇಕ್‌ಗೆ ಮುಂಚಿನ ಅಭ್ಯಾಸದ ಓದಿನಲ್ಲೇ, ಸಿಕ್ಕಿಬೀಳ್ತಾರೆ.

ಚಿತ್ರ ಪೂರ್ತಿಯಾಗಿರುತ್ತೆ ಅಂತ ಭಾವಿಸಬೇಡಿ. ಎಷ್ಟೋ ಸಲ ಬಣ್ಣವಿಲ್ಲದ ಗೆರೆಗಳು, ಕೆಲವು ಕಡೆ ಸ್ಟೋರಿಬೋರ್ಡ್ ಮಾತ್ರ. ತುಟಿ ಆಡೋದೂ ಇರಲ್ಲ. ಅದರ ಬದಲು ಪಾತ್ರದ ಹೆಸರು ಪರದೆ ಮೇಲೆ ಮೂಡುತ್ತೆ. ಮೂಡಿದಾಗ ಶುರು, ಮಾಯವಾಗೋ ಹೊತ್ತಿಗೆ ಮುಗಿಸಬೇಕು. ಇದಕ್ಕೆ ಬೋಲ್ಡ್ ಅಂತಾರೆ. ಭಾವ ಚೆನ್ನಾಗಿದ್ದು ಅರ್ಧ ಸೆಕೆಂಡ್ ಹೊರಗೆ ಚೆಲ್ಲಿದರೂ ಇನ್ನೊಂದು ಟೇಕ್.

ಕೋಣೆಯಲ್ಲಿ ಮೈಕ್ ಮೂರು ಅಥವಾ ನಾಲ್ಕು, ನ್ಯೂಮನ್ ಯು87 ತುಂಬಾ ಕಡೆ ಕಾಣುತ್ತೆ. ನಟರು ಹತ್ತು ಹದಿನೈದು ಜನ. ಯಾರಿಗೂ ಸ್ವಂತ ಮೈಕ್ ಇಲ್ಲ. ನಿಮ್ಮ ಮಾತು ಬರೋ ಮುಂಚೆ ಯಾವ ಮೈಕ್ ಖಾಲಿಯಾಗುತ್ತೆ ಅಂತ ನೋಡಿಟ್ಟುಕೊಂಡು, ಪಕ್ಕದಿಂದ ಸದ್ದಿಲ್ಲದೆ ಬಂದು, ಮುಗಿದ ಕೂಡಲೇ ಬಗ್ಗಿ ಹಿಂದೆ ಸರಿಯಬೇಕು. ಹೊಸಬರು ಅಭಿನಯದಲ್ಲಿ ಸೋಲೋದಕ್ಕಿಂತ ಇಲ್ಲಿ ಸೋಲೋದು ಹೆಚ್ಚು. ಎರಡು ತಪ್ಪು ಮತ್ತೆ ಮತ್ತೆ ಆಗುತ್ತೆ: ಮುಖ್ಯ ಪಾತ್ರದವರು ನಿಲ್ಲೋ ಮೈಕ್‌ಗೆ ಹೋಗಿ ನಿಂತು ಅವರ ದಾರಿಗೆ ಅಡ್ಡ ಬರೋದು, ತನ್ನ ಮಾತು ಮುಗೀತು ಅಂತ ಹಾಳೆ ತಿರುಗಿಸೋದು, ಆ ಸದ್ದು ಪಕ್ಕದವರ ಮಾತಿನ ಮೇಲೆ ಬೀಳೋದು. ಹಾಳೆಯನ್ನ ಮೈಕ್‌ನಿಂದ ದೂರ ಹಿಡಿದು, ಎದುರಿನವರು ಜೋರಾಗಿ ಮಾತಾಡೋವಾಗ ನಿಧಾನಕ್ಕೆ ಜಾರಿಸಬೇಕು. ನೈಲಾನ್ ಜಾಕೆಟ್, ಬಳೆ, ಗಟ್ಟಿ ಹಿಮ್ಮಡಿಯ ಶೂ ಬೇಡ. ಹಸಿದು ಬರಬಾರದು, ಹೊಟ್ಟೆಯ ಸದ್ದನ್ನೂ ಆ ಮೈಕ್ ಹಿಡಿಯುತ್ತೆ.

ಜಾಹೀರಾತು ವಿರಾಮದ ಹಿಂದಿನದು ಎ ಭಾಗ, ಆಮೇಲಿನದು ಬಿ ಭಾಗ. ಒಂದೊಂದಕ್ಕೂ ಮೊದಲು ಟೆಸ್ಟ್, ಧ್ವನಿ ನಿರ್ದೇಶಕರ ಸೂಚನೆ, ಆಮೇಲೆ ಹೊನ್‌ಬಾನ್, ಅಂದರೆ ನಿಜವಾದ ಟೇಕ್. ಇಬ್ಬರ ಮಾತು ಒಂದರ ಮೇಲೊಂದು ಬರೋ ಕಡೆ ಒಬ್ಬರದನ್ನ ಬಿಟ್ಟು ಆಮೇಲೆ ಬೇರೆಯಾಗಿ ತಗೋತಾರೆ, ಮಿಕ್ಸಿಂಗ್‌ನಲ್ಲಿ ಬಿಡಿಸೋಕೆ ಆಗಬೇಕಲ್ಲ. 2020ರಲ್ಲಿ ಕೋವಿಡ್ ಬಂದಾಗ ಇಡೀ ಪದ್ಧತಿ ಮುರಿದು, ಒಮ್ಮೆಗೆ ಮೂರು ನಾಲ್ಕು ಜನರನ್ನಷ್ಟೇ ಒಳಗೆ ಬಿಟ್ಟರು. ಅದರಿಂದ ನಷ್ಟವಾಗಿದ್ದು ಹೊಸಬರಿಗೆ. ಹಿರಿಯರ ಹಿಂದೆ ಕುರ್ಚಿಯಲ್ಲಿ ಕೂತು ನೋಡಿ ಕಲಿಯೋ ಪಾಠ ತಪ್ಪಿಹೋಯಿತು.

ಹರಿಹರದ_ಕೇಳುಗ

ತುಂಬಾ ಉಪಯೋಗ ಆಯ್ತು, ಧನ್ಯವಾದ ಇಬ್ಬರಿಗೂ. ಕೆಂಪುದೀಪ ಅವರೇ, ಗುಂಪಿನ ಗಲಾಟೆ ಮತ್ತು ಕಿರುಚಾಟ ಹೇಗೆ ಮಾಡ್ತಾರೆ?

ಕೆಂಪುದೀಪ

ಗುಂಪಿನ ಸದ್ದಿಗೆ ಗಾಯಾ ಅಂತಾರೆ, ಹೊಸಬರ ಪಾಲಿನ ಕೆಲಸ ಅದು. ಸ್ಕ್ರಿಪ್ಟ್‌ನಲ್ಲಿ ‘ಗಾಯಾ’ ಅಂತಷ್ಟೇ ಇರುತ್ತೆ, ಮಾತು ನೀವೇ ಹೊಸೆಯಬೇಕು. ಸಂತೆಯಾದರೆ ಬೆಲೆ, ಹವಾಮಾನ. ಯುದ್ಧವಾದರೆ ಆಜ್ಞೆ, ಎಚ್ಚರಿಕೆ. ಕಥೆಯ ಕಾಲಕ್ಕೆ ಹೊಂದದ ಪದ ಬರಬಾರದು, ಒಂದೇ ದನಿ ಎದ್ದು ಕೇಳಬಾರದು, ಎಲ್ಲರೂ ಒಟ್ಟಿಗೆ ಉಸಿರಿಗೆ ನಿಂತು ನಡುವೆ ತೂತು ಬೀಳಬಾರದು. ಕಿರುಚೋವಾಗ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಗಂಟಲು ಹರಿಯೋ ಕೂಗುಗಳನ್ನ ಆದಷ್ಟೂ ಕೊನೆಗೆ ಇಟ್ಟುಕೊಳ್ಳೋದು ಒಳ್ಳೇದು. ಮೊದಲೇ ಕೂಗಿದರೆ ಮೆಲುದನಿಯ ದೃಶ್ಯಕ್ಕೆ ದನಿ ಒರಟಾಗಿರುತ್ತೆ.

ಹಳೇ_ಕಂತು

ಲೆಕ್ಕದ_ಪುಸ್ತಕ ಅವರು ಹೇಳಿದ ನಡುಮನೆಯನ್ನ ದಾಟಿದವರ ಉದಾಹರಣೆ ಬೇಕೆಂದರೆ ಮೆಗುಮಿ ಹಯಾಶಿಬಾರಾ ಅವರ ವೃತ್ತಿಯನ್ನ ಗಮನಿಸಿ. ಹುಟ್ಟಿದ್ದು 1967, ಟೋಕಿಯೋ. ನರ್ಸಿಂಗ್ ಓದುತ್ತಲೇ ಆರ್ಟ್ಸ್ ವಿಷನ್ ಏಜೆನ್ಸಿಯ ತರಬೇತಿಗೂ ಸೇರಿದರು, ನರ್ಸ್ ಅರ್ಹತೆಯನ್ನೂ ಪಡೆದರು. 1986ರಲ್ಲಿ ‘ಮೇಝೊನ್ ಇಕ್ಕೊಕು’ದಲ್ಲಿ ಸಣ್ಣಪುಟ್ಟ ಪಾತ್ರಗಳು, 1989ರಲ್ಲಿ ‘ರಾನ್ಮಾ ½’ದಲ್ಲಿ, ತಣ್ಣೀರು ಬಿದ್ದರೆ ಹುಡುಗಿಯಾಗೋ ಹುಡುಗ ರಾನ್ಮಾನ ಹೆಣ್ಣು ರೂಪ.

ಮುಂದಿನದು ಮುಖ್ಯ. 1995 ಒಂದೇ ವರ್ಷ ತಗೊಳ್ಳಿ: ‘ಸ್ಲೇಯರ್ಸ್’ನಲ್ಲಿ ಅಬ್ಬರಿಸೋ ಲೀನಾ, ‘ಇವಾಂಗೆಲಿಯನ್’ನಲ್ಲಿ ಉಸಿರಿನಷ್ಟೇ ಮಾತಾಡೋ ರೇ ಅಯಾನಾಮಿ. ಒಂದೇ ಬಗೆಯ ದನಿಗೆ ಕಟ್ಟಿಬೀಳದೆ ಹೋದದ್ದರಿಂದ ಆಕೆಯ ದರ ಏರಿದರೂ ಕರೆ ನಿಲ್ಲಲಿಲ್ಲ. ಜತೆಗೆ ದೀರ್ಘ ಸರಣಿಗಳು: 1997ರಿಂದ 2023ರವರೆಗೆ ‘ಪೊಕೆಮಾನ್’ನ ಮುಸಾಶಿ (ನಮ್ಮ ಕಡೆ ಜೆಸ್ಸಿ ಅಂತ ಗೊತ್ತಿರೋ ಪಾತ್ರ), 1999ರಿಂದ ‘ಡಿಟೆಕ್ಟಿವ್ ಕೊನಾನ್’ನ ಆಯಿ ಹೈಬಾರಾ. ವಾರ ವಾರ ಬರೋ ಇಂಥ ಪಾತ್ರ ಸಿಕ್ಕರೆ ಮೂರು ತಿಂಗಳಿಗೊಮ್ಮೆ ಕೆಲಸ ಹುಡುಕೋ ಸಂಕಟ ಅಷ್ಟಾಗಿ ಇರಲ್ಲ. ಮೂರನೆಯ ಆಸರೆ ಕಂತಿನ ಹೊರಗಿನದು: ಕಿಂಗ್ ರೆಕಾರ್ಡ್ಸ್‌ನಲ್ಲಿ ಹಾಡುಗಳು, 1992ರಿಂದ ನಡೆಸಿಕೊಂಡು ಬಂದ ರೇಡಿಯೋ ಕಾರ್ಯಕ್ರಮ. 2024ರಲ್ಲಿ ‘ರಾನ್ಮಾ’ ಹೊಸದಾಗಿ ಬಂದಾಗ 35 ವರ್ಷದ ನಂತರ ಅದೇ ಪಾತ್ರಕ್ಕೆ ಆಕೆಯನ್ನೇ ಕರೆದರು, ಗಂಡು ರಾನ್ಮಾಗೆ ಮತ್ತೆ ಕಪ್ಪೇ ಯಾಮಾಗುಚಿ.

ಮಸಾಕೊ ನೊಝಾವಾ ಅವರದು ಬೇರೆ ಕಾಲದ ದಾರಿ. 1936ರಲ್ಲಿ ಹುಟ್ಟಿ ರಂಗಭೂಮಿಯಿಂದ ಬಂದವರು. 1968ರಲ್ಲಿ ‘ಗೆಗೆಗೆ ನೊ ಕಿಟಾರೊ’ದ ಕಿಟಾರೊ, 1986ರಿಂದ ‘ಡ್ರ್ಯಾಗನ್ ಬಾಲ್’ನ ಗೊಕು, ಹುಡುಗನಾಗಿದ್ದಾಗಲೂ ದೊಡ್ಡವನಾದ ಮೇಲೂ. ಹುಡುಗರ ಪಾತ್ರಕ್ಕೆ ಹೆಂಗಸರನ್ನ ಕರೆಯೋಕೆ ನೇರ ಕಾರಣ ಇದೆ: ಹುಡುಗರ ದನಿ ಒಡೆಯುತ್ತೆ, ಸರಣಿ ಹತ್ತಾರು ವರ್ಷ ನಡೆಯುತ್ತೆ, ಮಕ್ಕಳನ್ನ ರಾತ್ರಿ ಹೊತ್ತು ದುಡಿಸೋ ಹಾಗಿಲ್ಲ.

ಉಚ್ಚಾರ

ಕೊನೇ ಪ್ರಶ್ನೆಗೆ ಉತ್ತರಿಸ್ತೀನಿ. ಕಾನೂನಿನ ಅಡ್ಡಿಗಿಂತ ದೊಡ್ಡದು ಉಚ್ಚಾರಣೆ. ಎನ್‌1ರಲ್ಲಿ ಮಾತಾಡೋ ಪರೀಕ್ಷೆಯೇ ಇಲ್ಲ, ಪದ-ವ್ಯಾಕರಣ, ಓದು ಮತ್ತು ಕೇಳ್ಮೆ ಮಾತ್ರ. ಏಜೆನ್ಸಿ ಕೇಳೋದು ಟೋಕಿಯೋ ಜಪಾನೀಸಿನ ಏರಿಳಿತ. ಪದದ ಯಾವ ಜಾಗದಲ್ಲಿ ಸ್ವರ ಇಳಿಯಬೇಕು ಅನ್ನೋದು ಅಲ್ಲಿ ನಿಗದಿಯಾಗಿರುತ್ತೆ. ಕನ್ನಡದಲ್ಲಿ ಅಂಥ ನಿಯಮ ಇಲ್ಲದ್ದರಿಂದ ನಮ್ಮ ಕಿವಿಗೆ ಅದು ಬೇಗ ಬೀಳಲ್ಲ. ಒಸಾಕಾದಲ್ಲಿ ಬೆಳೆದ ಜಪಾನಿಯರೇ ತರಬೇತಿಯಲ್ಲಿ ಇದನ್ನ ತಿದ್ದಿಕೊಳ್ಳಬೇಕಾಗುತ್ತೆ.

ದಾರಿ ಹೀಗೆ: ವೃತ್ತಿಶಾಲೆ ಎರಡು ವರ್ಷ, ಅಥವಾ ನೇರವಾಗಿ ಏಜೆನ್ಸಿಯೇ ನಡೆಸೋ ಯೋಸೇಜೊ, ಅಂದರೆ ತರಬೇತಿ ಕೇಂದ್ರ, ಒಂದರಿಂದ ಮೂರು ವರ್ಷ. ಕೊನೆಯಲ್ಲಿ ಆಯ್ಕೆ. ಗೆದ್ದರೆ ಮೊದಲು ‘ಆಝುಕಾರಿ’, ಅಂದರೆ ತಾತ್ಕಾಲಿಕ. ಮುಂದೆ ಅರೆ ಸದಸ್ಯತ್ವ, ಆಮೇಲೆ ಪೂರ್ಣ. ಒಳಗೆ ಸೇರಿದರೂ ಒಂದು ಪಾತ್ರಕ್ಕೆ ಏಜೆನ್ಸಿ ಇಂತಿಷ್ಟೇ ಜನರನ್ನ ಕಳಿಸಬಹುದು, ಹಾಗಾಗಿ ಮೊದಲ ಸ್ಪರ್ಧೆ ಸ್ವಂತ ಏಜೆನ್ಸಿಯವರ ಜತೆಗೇ. ದನಿ ಮುದ್ರಿಸಿ ಕಳಿಸೋ ಟೇಪ್ ಆಡಿಷನ್ ಆದಮೇಲೆ ಸ್ಟುಡಿಯೋ ಆಡಿಷನ್. ಅಲ್ಲಿ ಧ್ವನಿ ನಿರ್ದೇಶಕರು ‘ಅದೇ ಮಾತು, ಸಿಟ್ಟಿಲ್ಲದೆ’ ಅಂದಾಗ ಮನೆಯಲ್ಲಿ ಗಟ್ಟಿ ಮಾಡಿಕೊಂಡ ಧಾಟಿಯನ್ನ ಬಿಡೋಕಾಗದವರು ಹೊರಬೀಳ್ತಾರೆ.

ಬೆಂಗಳೂರಲ್ಲೇ ಕೂತು ಶುರು ಮಾಡೋದಾದರೆ ಎನ್‌ಎಚ್‌ಕೆಯ (ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ) ಉಚ್ಚಾರಣಾ ನಿಘಂಟು ಕೊಳ್ಳಿ, 2016ರ ಹೊಸ ಆವೃತ್ತಿ. ದಿನಕ್ಕೆ ಒಂದು ಪುಟ ಸುದ್ದಿ ತಗೊಂಡು, ಪ್ರತಿ ಪದದ ಇಳಿತವನ್ನ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಓದಿ, ಮುದ್ರಿಸಿ, ವಾಚಕರ ಓದಿನ ಪಕ್ಕ ಇಟ್ಟು ಕೇಳಿ. ಪದಗಳು ಜೋಡಣೆಯಾದಾಗ ಇಳಿತದ ಜಾಗ ಬದಲಾಗುತ್ತೆ, ಹೆಚ್ಚು ತಪ್ಪು ಅಲ್ಲೇ ಆಗೋದು, ಹಾಗಾಗಿ ನಿಘಂಟಿನ ಹಿಂಬದಿಯ ಸಮಾಸ ನಿಯಮಗಳನ್ನ ಮೊದಲು ಓದಿ.