ಅತ್ತೆಯ ಡ್ರಾಪ್ಸ್, ಚಿಕ್ಕಪ್ಪನ ಫಾರ್ವರ್ಡ್

ಹಾಸನದ ಚಿಕ್ಕಪ್ಪ: (ಫಾರ್ವರ್ಡ್) ಎಚ್ಚರ!! ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಬರುತ್ತದೆ. ಇವತ್ತೇ ನಿಲ್ಲಿಸಿ. 10 ಜನಕ್ಕೆ ಕಳಿಸಿ.

ಹಾಸನದ ಚಿಕ್ಕಪ್ಪ: ಅಕ್ಕಾ, ನಿನಗೆ ಕೊಟ್ಟಿರುವ ಪ್ರೆಡ್ನಿಸೊಲೋನ್ ಇದೇ. ಗ್ಲಾಕೋಮಾ ಇರುವವರಿಗೇ ಗ್ಲಾಕೋಮಾ ತರಿಸುವ ಔಷಧಿ ಕೊಡುತ್ತಾರಲ್ಲ!

ಅತ್ತೆ: ನಿನ್ನೆ ನೀನು ಫೋನಲ್ಲಿ ಹೇಳಿದ ಮೇಲೆ ನಾನು ಹಾಕಿಲ್ಲ ಕಣೋ. ನೋವೂ ಇಲ್ಲ, ಆರಾಮಾಗಿದ್ದೀನಿ.

ನಾನು: ಅತ್ತೆ! ಗ್ಲಾಕೋಮಾ ಆಪರೇಷನ್ ಆಗಿ ಇನ್ನೂ 3 ವಾರ. ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟಿರಾ?

ಚಿಕ್ಕಪ್ಪ: ನನ್ನನ್ನು ಕೇಳಿದ್ದಾಳಲ್ಲ.

ನಾನು: ಅದೇ ಭಯ.

ನನ್ನ ಅಕ್ಕ: ಕಣ್ಣಾಸ್ಪತ್ರೆ ಡ್ಯೂಟಿ ಮುಗಿಸಿ ಈಗ ನೋಡಿದೆ. ಚಿಕ್ಕಪ್ಪ, ಅದು ಪೂರ್ತಿ ಸುಳ್ಳಲ್ಲ, ಅದಕ್ಕೇ ತೊಂದರೆ. ಮೆಡಿಕಲ್ ಶಾಪಲ್ಲಿ ಸುಮ್ನೆ ಕೇಳಿ ತಂದು ತಿಂಗಳುಗಟ್ಟಲೆ ಹಾಕಿಕೊಂಡು ಕಣ್ಣಿನ ನರ ಹಾಳು ಮಾಡಿಕೊಂಡವರಿದ್ದಾರೆ. ಅತ್ತೆಯದು ಬೇರೆ ಕತೆ. ಅವರಿಗೆ ಆದ ಆಪರೇಷನ್ ಟ್ರಾಬೆಕ್ಯುಲೆಕ್ಟಮಿ. ಅದರಲ್ಲಿ ಕಣ್ಣೊಳಗಿನ ನೀರು ಹರಿಯಲು ಬಿಳಿಗುಡ್ಡೆಯಲ್ಲಿ ಸಣ್ಣ ಬಾಗಿಲು ಮಾಡುತ್ತಾರೆ. ನೀರು ಮೇಲಿನ ರೆಪ್ಪೆಯಡಿ ತೆಳು ಪೊರೆಯೊಳಗೆ ಗುಳ್ಳೆ ಥರ ನಿಂತು ಇಂಗುತ್ತದೆ. ಆದರೆ ಮೈಗೆ ಅದು ಗಾಯ. ಮುಚ್ಚಲು ನೋಡುತ್ತದೆ. ಬೇರೆ ಆಪರೇಷನ್ ಆದರೆ ಬೇಗ ಮಾಯಲಿ ಅಂತೀವಿ, ಇಲ್ಲಿ ಪೂರ್ತಿ ಮಾಯಲೇಬಾರದು! ಗಾಯ ಗಟ್ಟಿಯಾಗಿ ಕೂಡಿಕೊಂಡರೆ ದಾರಿ ಬಂದ್, ಒತ್ತಡ ಮತ್ತೆ ಮೇಲೆ. ಅದನ್ನು ತಡೆಯಲಿಕ್ಕೇ ಸ್ಟೀರಾಯ್ಡ್. ಮೊದಲ ಕೆಲವು ವಾರ ತುಂಬಾ ಮುಖ್ಯ.

ಚಿಕ್ಕಪ್ಪ: ಅದರಿಂದಲೇ ಒತ್ತಡ ಏರಿದರೆ?

ಅಕ್ಕ: ಅದಕ್ಕೇ ಮತ್ತೆ ಮತ್ತೆ ಕರೆದು ಅಳೆಯುವುದು. ಏರಿದ್ದು ಡ್ರಾಪ್ಸಿನಿಂದಲೋ, ದಾರಿ ಮುಚ್ಚಿಯೋ ಅಂತ ಗುಳ್ಳೆ ನೋಡಿ ಹೇಳುತ್ತಾರೆ. ಬೇಕಾದರೆ ಲೇಸರಿನಲ್ಲಿ ಹೊಲಿಗೆ ಸಡಿಲಿಸುತ್ತಾರೆ, ಕೂಡಿಕೊಂಡ ಗಾಯವನ್ನು ಸೂಜಿಯಲ್ಲಿ ಬಿಡಿಸುತ್ತಾರೆ. ಡ್ರಾಪ್ಸನ್ನು ಅವರೇ ನಿಧಾನಕ್ಕೆ ಇಳಿಸುತ್ತಾರೆ.

ಮೈಸೂರು ಚಿಕ್ಕಮ್ಮ: ಆಪರೇಷನ್ ಚೀಟಿಯಲ್ಲಿ ಮೈಟೊಮೈಸಿನ್ ಅಂತಿದೆ. ಅದು ಕ್ಯಾನ್ಸರ್ ಔಷಧಿಯಂತೆ. ನನಗೆ ರಾತ್ರಿ ನಿದ್ದೆ ಬಂದಿಲ್ಲ.

ಅಕ್ಕ: ಕ್ಯಾನ್ಸರಿಗೂ ಕೊಡುತ್ತಾರೆ, ಹೌದು. ಇಲ್ಲಿ ಸ್ಪಾಂಜನ್ನು ಅದರಲ್ಲಿ ಅದ್ದಿ ಆಪರೇಷನ್ ಜಾಗದಲ್ಲಿ ಕೆಲವೇ ನಿಮಿಷ ಇಟ್ಟು, ಚೆನ್ನಾಗಿ ತೊಳೆದುಬಿಡುತ್ತಾರೆ. ಗಾಯ ಕೂಡಿಸುವ ಕೋಶಗಳು ಬೆಳೆಯದಿರಲಿ ಅಂತ. ಅದರ ಕೆಟ್ಟದ್ದೂ ಹೇಳುತ್ತೇನೆ. ಗುಳ್ಳೆ ತೀರಾ ತೆಳುವಾಗಿ ಸೋರಬಹುದು, ಸೋಂಕು ತಗುಲಬಹುದು. ಕೆಂಪು, ನೋವು, ಕೀವು, ದೃಷ್ಟಿ ಮಂಜು, ಯಾವುದಾದರೂ ಕಂಡರೆ ಅವತ್ತೇ ಓಡಬೇಕು. ವರ್ಷಗಳಾದ ಮೇಲೂ.

ಚಿಕ್ಕಪ್ಪ: ಹರಳೆಣ್ಣೆ ಬಿಟ್ಟರೆ ಮೆತ್ತಗಾಗಲ್ವಾ? ಅಮ್ಮ ಬಿಡುತ್ತಿದ್ದಳಲ್ಲ.

ಅತ್ತೆ: ಅಮ್ಮನ ಕಣ್ಣಿಗೆ ಯಾರು ಬಾಗಿಲು ಇಟ್ಟಿದ್ದರೋ?

ಅಕ್ಕ: ಮನೆಯ ಎಣ್ಣೆ ಬೇಡವೇ ಬೇಡ. ಅತ್ತೆ, ಈಗಲೇ ಆಸ್ಪತ್ರೆಗೆ ಫೋನ್ ಮಾಡಿ. ಎಷ್ಟು ಹನಿ ತಪ್ಪಿದೆ ಅಂತ ಮುಚ್ಚಿಡಬೇಡಿ.

ಅತ್ತೆ: ಮಾಡಿದೆ. ಶುರು ಮಾಡಿ, ನಾಳೆ 9ಕ್ಕೆ ಬನ್ನಿ ಅಂದರು. ಬೈದರು ಕೂಡ. ತಮ್ಮಾ, ಕಾರು ತರ್ತೀಯಾ?

ಚಿಕ್ಕಪ್ಪ: ತರ್ತೀನಿ.

ಅತ್ತೆ: ಆ ಮೆಸೇಜ್ ಇನ್ನೆಲ್ಲಿಗೆ ಕಳಿಸಿದ್ದೀಯ?

ಚಿಕ್ಕಪ್ಪ: ಬೀಗರ ಗುಂಪಿಗೆ. ಡಿಲೀಟ್ ಮಾಡೋಕೆ ಹೋದರೆ ನನ್ನ ಫೋನಲ್ಲಿ ಮಾತ್ರ ಹೋಯ್ತು.