ಅಕ್ಕಾ, ಪಿಯಾನೊ ಕೆಟ್ಟಿಲ್ಲ, ವೈರು ಬೇರೆ ಬೇಕು ಅಷ್ಟೇ

ಅಕ್ಕಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೆಲಸದಲ್ಲಿದ್ದೆ, ಈಗ ಮನೆಗೆ ಬಂದು ನಿಧಾನವಾಗಿ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಭಾವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಗ್ರೂಪಿಗೇ ಹಾಕುತ್ತಿದ್ದೇನೆ.

ನೀನು ಕೇಳಿದ್ದು ಇದು ಅಲ್ವಾ? ಪುಟ್ಟಿ ನುಡಿಸಿದ್ದನ್ನು ಹಾಸನದಲ್ಲಿರುವ ಅಮ್ಮನಿಗೆ ಕಳಿಸಬೇಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಪಿಯಾನೊಗಿಂತ ಮುಂದಿನ ಶೀಟಿನ ಮೇಲೆ ಬೀಳುವ ಮಳೆಯೇ ಜಾಸ್ತಿ ಕೇಳುತ್ತದೆ. ಭಾವ ಯುಎಸ್‌ಬಿ ಕೇಬಲ್ ತಂದು ಕಂಪ್ಯೂಟರಿಗೆ ಹಾಕಿದರು, ರೆಕಾರ್ಡ್ ಒತ್ತಿದರೆ ಪರದೆಯ ಮೇಲೆ ಶಬ್ದ ತೋರಿಸುವ ಗೆರೆ ಅಲುಗಾಡಲೇ ಇಲ್ಲ. ಪಿಯಾನೊ ಕೆಟ್ಟಿದೆಯಾ, ವಾಪಸ್ ಕೊಡಬೇಕಾ ಅಂತ.

ಕೊಡಬೇಡ. ಪಿಯಾನೊ ಚೆನ್ನಾಗಿದೆ. ನಿಮ್ಮದು ಯಮಹಾ ಪಿ-45 ಡಿಜಿಟಲ್ ಪಿಯಾನೊ ತಾನೆ? ಅದರ ಯುಎಸ್‌ಬಿ ವೈರಿನಲ್ಲಿ ಶಬ್ದ ಹೋಗುವುದೇ ಇಲ್ಲ. ಅದರಲ್ಲಿ ಹೋಗುವುದು ಮಿಡಿ. ಅಂದರೆ ಪುಟ್ಟಿ 88 ಕೀಗಳಲ್ಲಿ ಯಾವುದನ್ನು ಒತ್ತಿದಳು, ಎಷ್ಟು ಜೋರಾಗಿ ಒತ್ತಿದಳು, ಯಾವಾಗ ಬೆರಳು ತೆಗೆದಳು ಅನ್ನುವ ಲೆಕ್ಕ ಮಾತ್ರ. ಜೋರು ಎಷ್ಟು ಅನ್ನುವುದನ್ನೂ 127ರವರೆಗಿನ ಒಂದು ಅಂಕಿಯಾಗಿ ಕಳಿಸುತ್ತದೆ. ಸಂಗೀತ ಪಾಠದ ಪುಸ್ತಕದಲ್ಲಿ ಸ ರಿ ಗ ಮ ಬರೆದಿರುತ್ತಾರಲ್ಲ, ಹಾಗೆ. ಪುಸ್ತಕವನ್ನು ಕಿವಿಗೆ ಹಿಡಿದರೆ ಹಾಡು ಕೇಳಿಸುತ್ತದಾ? ಓದಿ ಹಾಡುವವರು ಬೇಕು. 1983ರಿಂದಲೂ ಕೀಬೋರ್ಡುಗಳು ಕಂಪ್ಯೂಟರಿನ ಜೊತೆ ಮಾತಾಡುವುದು ಈ ಭಾಷೆಯಲ್ಲೇ. ತಪ್ಪಿದ ಒಂದು ಸ್ವರವನ್ನು ಆಮೇಲೆ ತಿದ್ದಬೇಕು ಅಂದರೆ ಅದು ಬಹಳ ಒಳ್ಳೆಯದು. ಆದರೆ ಈಗ ನಿನಗೆ ಬೇಕಾಗಿರುವುದು ಶಬ್ದ. ಪಿ-125ರಂಥ ಕೆಲವು ಮಾಡೆಲ್‌ಗಳಲ್ಲಿ ಅದೇ ಯುಎಸ್‌ಬಿಯಲ್ಲಿ ಶಬ್ದವೂ ಹೋಗುತ್ತದೆ. ಅದಕ್ಕೇ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಭಾವನ ತಪ್ಪೇನೂ ಇಲ್ಲ.

ಮೈಸೂರಿನ ಚಿಕ್ಕಪ್ಪ ಬ್ಲೂಟೂತ್‌ನಲ್ಲಿ ಹಾಕಿ ಅಂದರು. ಚಿಕ್ಕಪ್ಪ, ಇವರ ಪಿಯಾನೊದಲ್ಲಿ ಅದು ಇಲ್ಲ. ಇರುವ ಪಿಯಾನೊಗಳಲ್ಲೂ ಮೊಬೈಲಿನ ಹಾಡು ಪಿಯಾನೊ ಸ್ಪೀಕರಿನಲ್ಲಿ ಬರಲಿ ಅಂತ ಕೊಟ್ಟಿರುತ್ತಾರೆ. ಪಿಯಾನೊದ ಶಬ್ದ ಸಾಮಾನ್ಯವಾಗಿ ಈಚೆಗೆ ಬರುವುದಿಲ್ಲ.

ಈಗ ದಾರಿ ಹೇಳುತ್ತೇನೆ. ಹೆಡ್‌ಫೋನ್ ಹಾಕುವ ದೊಡ್ಡ ತೂತು ಇದೆಯಲ್ಲ, ಶಬ್ದ ಅಲ್ಲಿಂದಲೇ ಬರಬೇಕು. ಮೊಬೈಲಿನಲ್ಲಿ ಮಾಡಿದಾಗ ಶಬ್ದ ಸ್ಪೀಕರಿನಿಂದ ಹೊರಗೆ ಬಂದು, ನಿಮ್ಮ ಹಾಲ್ ಪೂರ್ತಿ ಸುತ್ತಿ, ಮಳೆಯನ್ನೂ ಕುಕ್ಕರ್ ವಿಷಲ್ಲನ್ನೂ ಸೇರಿಸಿಕೊಂಡು ಮೈಕಿಗೆ ಹೋಗುತ್ತದೆ. ವೈರಿನಲ್ಲಿ ಹಾಗಲ್ಲ. ಪಿಯಾನೊದ ಹೊಟ್ಟೆಯಿಂದ ನೇರವಾಗಿ ಕಂಪ್ಯೂಟರಿಗೆ. ಹೊರಗೆ ಆಷಾಢದ ಮಳೆ ಎಷ್ಟು ಬೇಕಾದರೂ ಹೊಡೆಯಲಿ, ರೆಕಾರ್ಡಿನಲ್ಲಿ ಒಂದು ಹನಿಯೂ ಕೇಳುವುದಿಲ್ಲ.

ಅಂಗಡಿಯಲ್ಲಿ ಮೂರು ಸಾಮಾನು ಕೇಳಿ. ಎರಡೂ ಕಡೆ ಮೊಬೈಲ್ ಹೆಡ್‌ಫೋನಿನ ಸಣ್ಣ ಪಿನ್ ಇರುವ ಆಕ್ಸ್ ಕೇಬಲ್, ಸಣ್ಣ ಪಿನ್ನನ್ನು ಪಿಯಾನೊದ ದೊಡ್ಡ ತೂತಿಗೆ ಹೊಂದಿಸುವ ಕನ್ವರ್ಟರ್, ಒಂದನ್ನು ಎರಡು ಮಾಡುವ ಸ್ಪ್ಲಿಟರ್. ದೊಡ್ಡ ಪಿನ್ 6.35 ಮಿಲಿಮೀಟರ್, ಸಣ್ಣದು 3.5. ಇಲ್ಲಿ ಒಂದು ವಿಷಯ ಭಾವ ಕಣ್ಣಾರೆ ನೋಡಿಯೇ ತರಬೇಕು. ಪಿನ್ನಿನ ಲೋಹದ ಮೇಲೆ ಸಣ್ಣ ಕಪ್ಪು ಉಂಗುರಗಳು ಇರುತ್ತವೆ. ಎರಡು ಉಂಗುರ ಇದ್ದರೆ ಸ್ಟೀರಿಯೊ, ಅದೇ ಬೇಕು. ಒಂದೇ ಇದ್ದರೆ ಮೋನೊ. ಮೂರು ಇದ್ದರೆ ಅದು ಮೈಕ್ ಇರುವ ಇಯರ್‌ಫೋನಿನದು. ಕನ್ವರ್ಟರಿನಲ್ಲೂ ಎರಡೇ ಇರಬೇಕು. ಅಂಗಡಿಯವರು ಎಲ್ಲ ಒಂದೇ ಅಂತ ಕೊಡುತ್ತಾರೆ, ಒಂದಲ್ಲ.

ಸ್ಪ್ಲಿಟರ್ ಯಾಕೆ ಅಂದರೆ, ಆ ತೂತಿಗೆ ಪಿನ್ ಹಾಕಿದ ಕೂಡಲೇ ಪಿಯಾನೊದ ಸ್ಪೀಕರ್ ಸುಮ್ಮನಾಗುತ್ತದೆ. ಆಮೇಲೆ ಪುಟ್ಟಿ ತಾನು ನುಡಿಸುವುದನ್ನು ಕೇಳುವುದು ಹೇಗೆ? ಸ್ಪ್ಲಿಟರಿನ ಒಂದು ಕಾಲು ಕಂಪ್ಯೂಟರಿಗೆ, ಇನ್ನೊಂದು ಕಾಲು ಅವಳ ಹೆಡ್‌ಫೋನಿಗೆ. ಕಂಪ್ಯೂಟರಿನ ಮೂಲಕ ಕೇಳಿಸಲು ಹೋಗಬೇಡಿ. ಅಲ್ಲಿ ಶಬ್ದ ಒಂದು ಚೂರು ತಡವಾಗಿ ಬರುತ್ತದೆ. ಬೆರಳು ಒಂದು ಕಡೆ, ಕಿವಿ ಒಂದು ಕಡೆ ಆದರೆ ಮಗುವಿನ ತಾಳ ತಪ್ಪುತ್ತದೆ.

ನಿಮ್ಮದು ಹಳೆಯ ಡೆಸ್ಕ್‌ಟಾಪ್ ಆಗಿರುವುದು ಒಳ್ಳೆಯದೇ ಆಯಿತು. ಹಿಂದುಗಡೆ ಟಾರ್ಚ್ ಹಾಕಿ ನೋಡಿ. ಹಸಿರು, ಗುಲಾಬಿ, ನೀಲಿ ಮೂರು ತೂತು ಇರುತ್ತವೆ. ನೀಲಿಗೇ ಹಾಕಬೇಕು, ಅದು ಲೈನ್ ಇನ್, ಅಂದರೆ ಬೇರೆ ಸಾಧನದ ಶಬ್ದ ವೈರಿನಲ್ಲಿ ಒಳಗೆ ಬರುವ ತೂತು. ಗುಲಾಬಿಗೆ ಹಾಕಲೇಬೇಡಿ, ಅದು ಮೈಕಿನದು. ಮೈಕಿನಿಂದ ಬರುವ ಶಬ್ದ ಬಹಳ ಸಣ್ಣದು, ಅದಕ್ಕೆ ಆ ತೂತು ಬಂದದ್ದನ್ನೆಲ್ಲ ಹಿಗ್ಗಿಸುತ್ತದೆ. ಪಿಯಾನೊದ ಶಬ್ದ ಮೊದಲೇ ದೊಡ್ಡದು. ಎರಡೂ ಸೇರಿ ಗರಗರ ಅಂತ ಒಡೆದುಹೋಗುತ್ತದೆ. ಹೋದ ವರ್ಷ ನಮ್ಮ ಬೀದಿಯ ಭಜನೆಯ ಕೀಬೋರ್ಡ್ ರೆಕಾರ್ಡ್ ಮಾಡುವಾಗ ನಾನು ಕತ್ತಲಲ್ಲಿ ಗುಲಾಬಿಗೆ ಹಾಕಿಬಿಟ್ಟೆ. ಒಂದು ಗಂಟೆಯ ರೆಕಾರ್ಡ್ ಪೂರ್ತಿ ಹಾಳಾಯಿತು. ಒಡೆದ ಶಬ್ದವನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡುವುದಿಲ್ಲ. ಅವತ್ತು ನುಡಿಸಿದವರ ಮುಖ ನೋಡಲು ನನಗೆ ಆಗಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಮಾಡುವವರಿಗೂ ಒಂದು ಮಾತು. ಅದರಲ್ಲಿ ಸಾಮಾನ್ಯವಾಗಿ ನೀಲಿ ತೂತು ಇರುವುದಿಲ್ಲ. ಹೆಡ್‌ಫೋನ್ ತೂತಿಗೆ ಈ ಕೇಬಲ್ ಹಾಕಿದರೆ, ಹೆಡ್‌ಫೋನ್ ಬಂತು ಅಂದುಕೊಂಡು ತನ್ನ ಒಳಗಿನ ಮೈಕಿನಿಂದಲೇ ರೆಕಾರ್ಡ್ ಮಾಡುತ್ತಾ ಕೂರುತ್ತದೆ. ನಾವು ವೈರಿನದು ಅಂದುಕೊಂಡಿರುತ್ತೇವೆ. ಗೊತ್ತಾಗಬೇಕಾದರೆ ಪರದೆಯ ಅಂಚಿಗೆ ಉಗುರಿನಿಂದ ಕಟ ಕಟ ಅಂತ ತಟ್ಟಿ ನೋಡಿ. ಗೆರೆ ಎಗರಿದರೆ ಮೈಕ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಅವರು ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಅಥವಾ ಆಡಿಯೊ ಇಂಟರ್‌ಫೇಸ್ ತಗೊಳ್ಳಬೇಕು. ನಿನಗೆ ಆ ಖರ್ಚು ಬೇಡ.

ಸಾಫ್ಟ್‌ವೇರಿಗೆ ಆಡಾಸಿಟಿ ಸಾಕು. ದುಡ್ಡು ಕೊಡಬೇಕಾಗಿಲ್ಲ, 2000ದಿಂದಲೂ ಇದೆ. ರೆಕಾರ್ಡ್ ಮಾಡುವ ಸಾಧನ ಅನ್ನುವ ಕಡೆ ಲೈನ್ ಇನ್ ಆರಿಸಿ, ಸ್ಟೀರಿಯೊ ಇಡಿ, ಸ್ಯಾಂಪಲ್ ರೇಟ್ 44100 ಹರ್ಟ್ಸ್ ಇಡಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ಲೈನ್ ಇನ್ ಒಳಗೆ ಎನ್‌ಹ್ಯಾನ್ಸ್‌ಮೆಂಟ್ ಅಂತ ಏನಾದರೂ ಆನ್ ಇದ್ದರೆ ಎಲ್ಲ ಆಫ್ ಮಾಡಿ. ಮಾತಿನ ಹಿಂದಿನ ಗಲಾಟೆ ತೆಗೆಯಲು ಇಟ್ಟಿರುವ ಸೌಲಭ್ಯ ಅದು. ಪಿಯಾನೊದ ಸ್ವರ ನಿಧಾನವಾಗಿ ಕರಗುವಾಗ ಅದನ್ನೂ ಗಲಾಟೆ ಅಂದುಕೊಂಡು ಕತ್ತರಿಸಿಬಿಡುತ್ತದೆ.

ಶಬ್ದದ ಮಟ್ಟ ನೋಡುವುದು ಮುಖ್ಯ. ಪಿಯಾನೊದ ವಾಲ್ಯೂಮ್ ಅರ್ಧಕ್ಕೆ ಇಡಿ. ಪುಟ್ಟಿಗೆ ಅವಳ ಹಾಡಿನಲ್ಲಿ ಎಲ್ಲಕ್ಕಿಂತ ಜೋರಾಗಿ ಬರುವ ಭಾಗ ಮಾತ್ರ ನುಡಿಸಲು ಹೇಳಿ. ಆಗ ಆಡಾಸಿಟಿಯಲ್ಲಿ ಶಬ್ದದ ಮಟ್ಟ ತೋರಿಸುವ ಮೀಟರಿನ ಪಟ್ಟಿ ಮೈನಸ್ 6 ಡೆಸಿಬೆಲ್ ಹತ್ತಿರ ಬಂದು ನಿಂತರೆ ಸರಿ. ಸೊನ್ನೆಗೆ ಮುಟ್ಟಿದರೆ ವಾಲ್ಯೂಮ್ ಇಳಿಸಿ. ಅವಳು ಪರೀಕ್ಷೆಗೆ ಮೆತ್ತಗೆ ನುಡಿಸಿ, ಆಮೇಲೆ ಉತ್ಸಾಹದಲ್ಲಿ ಜೋರಾಗಿ ಬಾರಿಸುತ್ತಾಳೆ, ಗೊತ್ತಲ್ಲ. ಅದಕ್ಕೇ ಆ ಜಾಗ ಬಿಟ್ಟಿರಬೇಕು.

ಕೊನೆಯ ಸ್ವರಕ್ಕೆ ಪೆಡಲ್ ಒತ್ತಿ ಹಿಡಿದಿರುತ್ತಾಳಲ್ಲ, ಆಗ ಯಾರೂ ಅವಸರ ಮಾಡಬೇಡಿ. ಪರದೆಯ ಮೇಲೆ ಗೆರೆ ದಪ್ಪದಿಂದ ಸಣ್ಣಗಾಗಿ, ದಾರದ ಹಾಗಾಗಿ, ಪೂರ್ತಿ ನೆಟ್ಟಗಾಗುವವರೆಗೆ ಕಾಯಿರಿ. ಆಮೇಲೆ ಸ್ಟಾಪ್. ನನಗೆ ಪಿಯಾನೊದಲ್ಲಿ ಬಹಳ ಇಷ್ಟವಾಗುವುದೇ ಆ ಕೊನೆ. ಅದನ್ನು ಕತ್ತರಿಸಿದರೆ ಮಾತಿನ ಮಧ್ಯೆ ಫೋನ್ ಇಟ್ಟ ಹಾಗೆ ಆಗುತ್ತದೆ.

ಗುಂಯ್ ಅಂತ ಸದ್ದು ಬಂದರೆ ಅದು ಕರೆಂಟಿನದು, ನಮ್ಮ ಲೈನಿನ 50 ಹರ್ಟ್ಸ್. ಪಿಯಾನೊ, ಕಂಪ್ಯೂಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ ನೋಡಿ. ಇನ್ವರ್ಟರಿನ ಮೇಲೆ ರೆಕಾರ್ಡ್ ಮಾಡಬೇಡಿ, ಕೆಲವು ಇನ್ವರ್ಟರುಗಳ ಗುರ್ ಅನ್ನುವುದು ಒಳಗೆ ಸೇರುತ್ತದೆ, ಕರೆಂಟ್ ಬರುವವರೆಗೆ ಕಾಯಿರಿ. ಸದ್ದು ಹೋಗಲಿ ಅಂತ ಅರ್ಥಿಂಗ್ ಪಿನ್ ತೆಗೆಯಿರಿ ಅಂತ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ, ಜೀವಕ್ಕೆ ಅಪಾಯ. ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡಿ. ಈಗ ಪಿಯಾನೊ, ಕಂಪ್ಯೂಟರ್ ಎರಡೂ ಒಂದೇ ವೈರಿನಲ್ಲಿ ಸೇರಿರುತ್ತವೆ, ಒಂದಕ್ಕೆ ಸಿಡಿಲು ತಗುಲಿದರೆ ಎರಡೂ ಹೋಗುತ್ತವೆ. ಮೂಡಿಗೆರೆ ಸಿಡಿಲು ನಿನಗೆ ನಾನು ಹೇಳಬೇಕಾ.

ಮುಗಿದ ಮೇಲೆ ಒಂದು ಕಾಪಿ ವೇವ್ ಫೈಲ್ ಆಗಿ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಿ. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಅಮ್ಮನಿಗೆ ಎಂಪಿ3 ಮಾಡಿ ಕಳಿಸಿ, ಅದೂ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ. ಸ್ಪೀಕರಿನಲ್ಲಿ ಹಾಕಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಇಷ್ಟೊಂದು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಮ್ಮ ಈಗ ಕಿವಿಗೆ ಮೆಷಿನ್ ಹಾಕಿಕೊಳ್ಳುತ್ತಾರೆ. ಮಳೆ ಸದ್ದು ಸೇರಿದ್ದರೆ ಮೆಷಿನ್ ಅದನ್ನೂ ದೊಡ್ಡದು ಮಾಡುತ್ತದೆ. ಹೋದ ಸಲ ನೀನು ಕಳಿಸಿದ್ದನ್ನು ಕೇಳಿ ಅಮ್ಮ ಚೆನ್ನಾಗಿದೆ ಅಂದರು. ಆದರೆ ಆಮೇಲೆ ನನ್ನ ಹತ್ತಿರ, ಪುಟ್ಟಿ ಯಾವ ಹಾಡು ನುಡಿಸಿದ್ದು ಅಂತ ಮೆಲ್ಲಗೆ ಕೇಳಿದರು. ನನಗೆ ತಡೆಯಲಾಗಲಿಲ್ಲ ಅಕ್ಕಾ. ಈ ಸಲ ಒಂದೊಂದು ಸ್ವರವೂ ಅವರಿಗೆ ಬಿಡಿಬಿಡಿಯಾಗಿ ಕೇಳಬೇಕು.

ಹಾಗಂತ ಮೊಬೈಲಿನಲ್ಲಿ ಮಾಡಿದ್ದನ್ನು ಅಳಿಸಬೇಡ. ಅಪ್ಪನ ಹಾರ್ಮೋನಿಯಂ ಕ್ಯಾಸೆಟ್ಟಿನಲ್ಲಿ ನೀನು ಒಳಗಿನಿಂದ ಊಟಕ್ಕೆ ಕರೆಯುವುದು ಕೇಳುತ್ತದೆ ಅಲ್ವಾ, ಅದು ವೈರಿನ ರೆಕಾರ್ಡಿನಲ್ಲಿ ಯಾವತ್ತೂ ಸಿಗುವುದಿಲ್ಲ. ಎರಡನ್ನೂ ಇಟ್ಟುಕೋ.

ಎರಡು ಉಂಗುರದ ಕೇಬಲ್ ನನ್ನ ಹತ್ತಿರವೇ ಒಂದು ಇದೆ. ಭಾವನಿಗೆ ಸ್ಪ್ಲಿಟರ್, ಕನ್ವರ್ಟರ್ ಎರಡೇ ತರಲು ಹೇಳು. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ಕಂಪ್ಯೂಟರಿನ ಹಿಂದಿನ ಧೂಳು ಒರೆಸಿ, ನೀಲಿ ತೂತಿನ ಒಂದು ಫೋಟೊ ತೆಗೆದು ಗ್ರೂಪಿಗೆ ಹಾಕು.