ಪಿಸಿಓಡಿ ಇದೆ, ಶತಾವರಿ-ಅಶ್ವಗಂಧ ತಗೊಳ್ಳಬಹುದಾ?

ಹಾಸನದ ಸೊಸೆ:
ನನಗೆ 32. ಒಂದು ವರ್ಷಕ್ಕಿಂತ ಜಾಸ್ತಿ ಆಯಿತು, ಮಗುವಿಗೆ ಪ್ರಯತ್ನಿಸುತ್ತಿದ್ದೇವೆ. ಪಿಸಿಓಡಿ (ಹಾರ್ಮೋನ್ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದೆ, ಒಮ್ಮೊಮ್ಮೆ ಎರಡು ತಿಂಗಳಾದರೂ ಮುಟ್ಟು ಬರುವುದಿಲ್ಲ. ಥೈರಾಯ್ಡ್ ಮಾತ್ರೆ ದಿನಾ ನುಂಗುತ್ತೇನೆ. ಮುಂದಿನ ತಿಂಗಳಿಂದ ಅಂಡ ಬಿಡುಗಡೆಯಾಗಲು ಲೆಟ್ರೋಜೋಲ್ ಮಾತ್ರೆ ಕೊಡುತ್ತೇನೆ ಅಂತ ಡಾಕ್ಟರು ಹೇಳಿದ್ದಾರೆ. ಅಷ್ಟರಲ್ಲಿ ಅತ್ತೆ ಗ್ರಂಥಿಗೆ ಅಂಗಡಿಯಿಂದ ಹಲವು ಮಕ್ಕಳ ತಾಯಿ ಬೇರಿನ (ಅಂದರೆ ಶತಾವರಿ) ಪುಡಿ, ಅಶ್ವಗಂಧ ಎರಡೂ ತಂದಿಟ್ಟಿದ್ದಾರೆ, ಜೊತೆಗೆ ನಾಟಿ ವೈದ್ಯರು ಕೊಟ್ಟ ಹೆಸರೇ ಇಲ್ಲದ ಕಪ್ಪು ಗುಳಿಗೆ. ಗಿಡಮೂಲಿಕೆ ತಾನೇ, ಏನಾಗುತ್ತೆ ಅಂತಾರೆ. ತಗೊಂಡರೆ ತೊಂದರೆ ಇದೆಯಾ? ಯಜಮಾನರ ಟೆಸ್ಟ್ ಆಗಿಲ್ಲ, ಅವರಿಗೇನಾಗಿದೆ ಅಂತ ಮನೆಯಲ್ಲಿ ಯಾರೂ ಆ ಮಾತೇ ಎತ್ತುವುದಿಲ್ಲ.

ಮಾತ್ರೆ ಅಂಗಡಿ:
ಅಶ್ವಗಂಧ ಬೇಡ. ಅದು ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ನೀವು ಈಗಾಗಲೇ ಮಾತ್ರೆ ಮೇಲಿದ್ದೀರಿ, ಲೆಕ್ಕ ತಪ್ಪುತ್ತೆ. ಅಪರೂಪಕ್ಕೆ ಲಿವರ್‌ಗೂ ಪೆಟ್ಟು ಬಿದ್ದ ಪ್ರಕರಣಗಳಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಬಸಿರಲ್ಲಿ ಅಂತೂ ತಗೊಳ್ಳಲೇಬಾರದು, ಮತ್ತೆ ಬಸಿರು ನಿಂತಿದ್ದು ಗೊತ್ತಾಗುವಷ್ಟರಲ್ಲಿ ಕೆಲವು ವಾರ ಕಳೆದಿರುತ್ತೆ ಅಲ್ವಾ? ಫೋಲಿಕ್ ಆಸಿಡ್ ಶುರು ಮಾಡಿದ್ದೀರಾ? ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವ ಮೊದಲಿಂದಲೇ. ಡಾಕ್ಟರು ಜಾಸ್ತಿ ಬರೆದಿದ್ದರೆ ಅಷ್ಟೇ ತಗೊಳ್ಳಿ.

ಬಯಲುಸೀಮೆ ವೈದ್ಯೆ:
ನಾನು ಬಿಎಎಂಎಸ್, ಅಂದರೆ ಆಯುರ್ವೇದ ಓದಿದವಳು. ಶತಾವರಿ, ಫಲಘೃತ (ಮೂಲಿಕೆ ಹಾಕಿ ಕಾಯಿಸಿದ ತುಪ್ಪ) ನಾವೂ ಕೊಡುತ್ತೇವೆ, ಆದರೆ ಕೂರಿಸಿ ವಿಚಾರಿಸಿ, ರಿಪೋರ್ಟ್ ನೋಡಿ. ಶತಾವರಿಯಿಂದ ಅಂಡ ಬಿಡುಗಡೆಯಾಗುತ್ತೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ಇದನ್ನು ನಮ್ಮವರೇ ಒಪ್ಪಿಕೊಳ್ಳಬೇಕು. ಲೆಟ್ರೋಜೋಲ್ ಜೊತೆ ಬೆರೆಸಬೇಡಿ, ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ನಿಜವಾದ ಭಯ ಆ ಕಪ್ಪು ಗುಳಿಗೆ. ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ. ಆನ್‌ಲೈನಲ್ಲಿ ಮಾರುವ ಆಯುರ್ವೇದ ಔಷಧಿಗಳನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿ 2008ರಲ್ಲಿ ವರದಿ ಕೊಟ್ಟರು, ಸುಮಾರು ಐದಕ್ಕೆ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಸೀಸ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತೆ. ಅಶೋಕದ ಚಕ್ಕೆ ಕೊಡಿಸಿದರೂ ನಂಬಬೇಡಿ, ಕಾಂಪೌಂಡ್ ಪಕ್ಕ ನೆಟ್ಟಗೆ ಬೆಳೆಯುವ ಬೇರೆ ಮರದ ಚಕ್ಕೆಯನ್ನೇ ಅಶೋಕ ಅಂತ ಮಾರುವುದು ಹಳೇ ಚಾಳಿ.

ಕರಾವಳಿ ಹುಡುಗಿ:
ಇಷ್ಟೊಂದು ಹೆದರಿಸಬೇಕಾ? ನನ್ನ ಅಕ್ಕನಿಗೂ ಪಿಸಿಓಡಿ ಇತ್ತು, ಶತಾವರಿ ಹಾಲಲ್ಲಿ ಕುಡಿದಳು, ಈಗ ಅವಳಿಗೆ ಮಗಳಿದ್ದಾಳೆ.

ಮಾತ್ರೆ ಅಂಗಡಿ:
ಖುಷಿಯ ವಿಷಯ. ಆದರೆ ಪಿಸಿಓಡಿ ಇರುವ ಎಷ್ಟೋ ಜನ ಏನೂ ತಗೊಳ್ಳದೆಯೂ ಬಸಿರಾಗುತ್ತಾರೆ. ತೂಕ ಜಾಸ್ತಿ ಇದ್ದು ಸ್ವಲ್ಪ ಇಳಿಸಿದರೂ ಕೆಲವರಿಗೆ ಮುಟ್ಟು ಸರಿಹೋಗುತ್ತೆ. ಕುಡಿದು ಫಲ ಸಿಗದವರು ಇಲ್ಲಿ ಬಂದು ಬರೆಯುವುದಿಲ್ಲ.

ಹುಬ್ಬಳ್ಳಿ ಗಂಡ:
ಎಲ್ಲರೂ ಪುಡಿ ಬಗ್ಗೆನೇ ಮಾತಾಡುತ್ತಿದ್ದೀರಿ. ಅವರ ಗಂಡನ ವೀರ್ಯ ಪರೀಕ್ಷೆಯೇ ಆಗಿಲ್ಲ! ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತೆ. ಅಗ್ಗದ ಟೆಸ್ಟ್, ಸೂಜಿ ಚುಚ್ಚುವುದೂ ಇಲ್ಲ. 2ರಿಂದ 7 ದಿನ ಸಂಪರ್ಕ ಬಿಟ್ಟು ಸ್ಯಾಂಪಲ್ ಕೊಡಬೇಕು ಅಷ್ಟೇ. ಅವರು ಜಿಮ್‌ನಲ್ಲಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ವೀರ್ಯಾಣು ನಿಂತೇ ಹೋಗಿರಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಿಗರೇಟು, ಗುಟ್ಕಾ ಇದ್ದರೆ ಈಗಲೇ ಬಿಡಲಿ, ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಹೆಂಡತಿಗೆ ಬೇರು ಅರೆದು ಕುಡಿಸುವ ಮೊದಲು ಮಗನನ್ನು ಲ್ಯಾಬಿಗೆ ಕಳಿಸಲಿ ಅತ್ತೆ.

ಹಾಸನದ ಸೊಸೆ:
ಹುಬ್ಬಳ್ಳಿಯವರ ಮಾತನ್ನು ಹಾಗೇ ಯಜಮಾನರಿಗೆ ತೋರಿಸಿದೆ. ಮೊದಲು ಸಿಟ್ಟು, ಆಮೇಲೆ ಶನಿವಾರ ಹೋಗೋಣ ಅಂದರು. ಗುಳಿಗೆ ತಗೊಳ್ಳುವುದಿಲ್ಲ, ಅಶ್ವಗಂಧವೂ ಬೇಡ. ಶತಾವರಿ ಬಗ್ಗೆ ಡಾಕ್ಟರನ್ನೇ ಕೇಳುತ್ತೇನೆ. ಅತ್ತೆಗೆ ಇದನ್ನೆಲ್ಲ ಹೇಗೆ ಹೇಳಬೇಕೋ, ಅದಕ್ಕೂ ಯಾರಾದರೂ ಐಡಿಯಾ ಕೊಡಿ.